ಕೋಳಿ ನೋಡದ ನರಿ

ಪ್ರೀತಿಯ ತಂಗಿ,

ನಿನ್ನ ಪತ್ರ, ಜೊತೆಗಿಟ್ಟ ಆಮೆಯ ಕಥೆಯ ಎರಡು ಕರಡು, ತರಗತಿಗೆ ಬರೆದುಕೊಟ್ಟ ಪ್ರಬಂಧದ ಪ್ರಸ್ತಾವ, ಎಲ್ಲವನ್ನೂ ಓದಿದೆ. ಹಸ್ತಪ್ರತಿ ಹೇಗೆ ಕಳಿಸಬೇಕು, ಚಿತ್ರಕಾರರನ್ನು ನಾನೇ ಹುಡುಕಬೇಕೇ ಎಂದೆಲ್ಲ ಕೇಳಿದ್ದೀ. ಅದನ್ನು ಯಾರು ಬೇಕಾದರೂ ಹೇಳಿಯಾರು, ಬಿಡು. 'ಮಕ್ಕಳ ಕಥೆಯಲ್ಲಿ ವಿಶ್ಲೇಷಣೆ ಮಾಡೋದಕ್ಕೆ ಏನಿದೆ?' ಅಂತ ಇಂಗ್ಲಿಷ್ ಅಧ್ಯಾಪಕರು ಪ್ರಸ್ತಾವ ವಾಪಸ್ ಕೊಟ್ಟರು, ಆಮೇಲೆ ಒಂದು ಸಾಲೂ ನೆಟ್ಟಗೆ ಬರೆಯೋಕೆ ಆಗಿಲ್ಲ ಎಂದು ಕೊನೆಯಲ್ಲಿ ಬರೆದಿದ್ದೀಯಲ್ಲ, ನನಗೆ ತಾಗಿದ್ದು ಅದು.

ಏನಿದೆ ಅಂದರೆ, ಹೇಳುತ್ತೇನೆ. ಪ್ಯಾಟ್ ಹಚಿನ್ಸ್ ಅವರ 'ರೋಸೀಸ್ ವಾಕ್' ತೆಗೆದುಕೋ. 1968ರದು. ಇಡೀ ಪುಸ್ತಕ ಒಂದೇ ವಾಕ್ಯ, 32 ಪದ. ರೋಸಿ ಎಂಬ ಕೋಳಿ ಅಂಗಳ ದಾಟಿ, ಕೊಳ ಸುತ್ತಿ, ಹುಲ್ಲಿನ ಮೆದೆ ಹತ್ತಿಳಿದು, ಗಿರಣಿ ಹಾದು, ಬೇಲಿ ತೂರಿ, ಜೇನುಪೆಟ್ಟಿಗೆಗಳ ಅಡಿ ನುಸುಳಿ ಊಟದ ಹೊತ್ತಿಗೆ ವಾಪಸಾಗುತ್ತದೆ. ಪಠ್ಯದಲ್ಲಿ ಇರುವುದು ಇಷ್ಟೇ. ಚಿತ್ರದಲ್ಲಿ ಮಾತ್ರ ಒಂದು ನರಿ ಅದರ ಬೆನ್ನು ಹತ್ತಿದೆ. ಪ್ರತಿ ಸಲ ಹಾರುತ್ತದೆ, ಪ್ರತಿ ಸಲ ಪೆಟ್ಟು ತಿನ್ನುತ್ತದೆ. ಆ 32 ಪದಗಳಲ್ಲಿ ನರಿ ಎಂಬ ಪದವೇ ಇಲ್ಲ. ಕೋಳಿಗೆ ಗೊತ್ತಿಲ್ಲ, ಕಥೆ ಹೇಳುವ ದನಿಗೂ ಗೊತ್ತಿದ್ದ ಹಾಗೆ ಕಾಣುವುದಿಲ್ಲ, ಅಕ್ಷರ ಬಾರದ ಮಗುವಿಗೆ ಗೊತ್ತು. ಓದಿ ಹೇಳುವ ದೊಡ್ಡವರ ಕಣ್ಣು ಅಕ್ಷರದ ಮೇಲಿರುವುದರಿಂದ ಎಷ್ಟೋ ಸಲ ನರಿ ಮೊದಲು ಕಾಣುವುದು ಮಗುವಿಗೇ. ಗ್ರೀಕ್ ದುರಂತ ನಾಟಕದ ಪಾಠದಲ್ಲಿ 'ನಾಟಕೀಯ ವ್ಯಂಗ್ಯ' ಎಂದು ನೀವು ಟಿಪ್ಪಣಿ ಬರೆದುಕೊಳ್ಳುವುದು ಇದನ್ನೇ. ಇನ್ನು ಅದರ ಕಟ್ಟೋಣ ನೋಡು. ಒಂದು ಹರಹಿನಲ್ಲಿ (ಪುಸ್ತಕ ತೆರೆದಾಗ ಎದುರುಬದುರು ಕಾಣುವ ಎರಡು ಪುಟ) ಮಾತು ಇದೆ, ನರಿ ಹಾರುತ್ತಿದೆ. ಹಾಳೆ ಮಗುಚಿದರೆ ಮಾತಿಲ್ಲದ ಹರಹು, ನರಿ ಬಿದ್ದಿದೆ. ವಾಕ್ಯ ಪ್ರಿಪೊಸಿಷನ್ನಿನಿಂದ ಪ್ರಿಪೊಸಿಷನ್ನಿಗೆ ನಡೆಯುತ್ತದೆ, ಒಟ್ಟು ಆರು ಸ್ಥಳ, ಕೋಳಿಯ ನಡಿಗೆ ಒಂದೇ ಹದ. ವಾಕ್ಯದ ಆ ನಿಶ್ಚಿಂತೆಯೇ ಹಾಸ್ಯವನ್ನು ಹುಟ್ಟಿಸುವುದು. ಇಷ್ಟನ್ನು ಬಿಡಿಸಿ ಬರೆಯಲು ಹತ್ತು ಪುಟ ಸಾಲದು.

ಈಗ ಬೈಯುತ್ತೇನೆ, ಕೇಳಿಸಿಕೋ. ನಿನ್ನ ಪ್ರಸ್ತಾವದಲ್ಲಿ ಇಂಥದ್ದು ಒಂದೂ ಇಲ್ಲ. ಅಲ್ಲಿರುವುದು 'ಈ ಕಥೆಗಳು ಮಕ್ಕಳಿಗಷ್ಟೇ ಅಲ್ಲ, ಇವುಗಳಲ್ಲಿ ದೊಡ್ಡವರಿಗೂ ಆಳವಾದ ಅರ್ಥವಿದೆ' ಎಂಬ ಮಾತು, ಅದೂ ಮೂರು ಕಡೆ. ಅಲ್ಲ ಮಾರಾಯ್ತಿ, ಇದು ಹೊಗಳಿಕೆಯೇ? ಮುನ್ನುಡಿಗಳಲ್ಲಿ, ವಿಮರ್ಶೆಗಳಲ್ಲಿ, ಬಹುಮಾನದ ಸಭೆಗಳಲ್ಲಿ ಇದನ್ನು ಕೇಳಿ ಕೇಳಿ ನನಗೆ ರೋಸಿಹೋಗಿದೆ. ಮಕ್ಕಳಿಗಷ್ಟೇ ಆಗಿದ್ದರೆ ಓದಲು ಯೋಗ್ಯವಲ್ಲ ಎಂದು ಒಪ್ಪಿಕೊಂಡ ಮೇಲೆಯೇ ಆ ವಾಕ್ಯ ಶುರುವಾಗುತ್ತದೆ. ನಿನ್ನ ಅಧ್ಯಾಪಕರು ಹೇಳಿದ್ದೂ ಅದನ್ನೇ ಅಲ್ಲವೇ? ಅವರ ಮಾತನ್ನು ಒಪ್ಪಿಕೊಂಡು ಅವರೊಡನೆ ವಾದಕ್ಕೆ ಇಳಿದಿದ್ದೀ.

ನೀನು ಆಧಾರ ಕೊಟ್ಟಿರುವ, 'ಲಾರ್ಡ್ ಆಫ್ ದ ರಿಂಗ್ಸ್' ಬರೆದ ಟೋಲ್ಕಿನ್ನರು ಯಕ್ಷಿಣಿ ಕಥೆಗಳ ಬಗ್ಗೆ 1939ರಲ್ಲಿ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದಲ್ಲಿ ಕೊಟ್ಟ ಉಪನ್ಯಾಸವೂ ನಿನ್ನ ನೆರವಿಗೆ ಬರುವುದಿಲ್ಲ. ದೊಡ್ಡವರು ತಮಗೆ ಬೇಡವಾದ ಹಳೇ ಪೀಠೋಪಕರಣವನ್ನು ಮಕ್ಕಳ ಕೋಣೆಗೆ ಸಾಗಿಸುವಂತೆ ಯಕ್ಷಿಣಿ ಕಥೆಗಳನ್ನೂ ಅಲ್ಲಿಗೆ ತಳ್ಳಿದರು, ಸ್ವಭಾವತಃ ಅವು ಮಕ್ಕಳವಲ್ಲ ಎಂಬುದು ಟೋಲ್ಕಿನ್ನರ ವಾದ. ಯಕ್ಷಿಣಿ ಕಥೆಗಳ ಮಟ್ಟಿಗೆ ಸರಿ. ಆದರೆ ಮಗುವನ್ನೇ ಎದುರಿಗೆ ಕೂರಿಸಿಕೊಂಡು ಬರೆದ ಕಥೆ? ಅದನ್ನು ಆ ವಾದ ಕಾಪಾಡುವುದಿಲ್ಲ. ನೀನು ಅಧ್ಯಯನ ಮಾಡಬೇಕಾದದ್ದು ಅದನ್ನು: ಎದುರಿಗಿರುವ ಓದುಗನಿಗೆ ಅನುಭವ ಕಡಿಮೆ, ಪದಗಳು ಕಡಿಮೆ, ಬುದ್ಧಿ ಕಡಿಮೆ ಇಲ್ಲ. ಅವನಿಗೆ ಏನನ್ನು ಹೇಳಬೇಕು, ಏನನ್ನು ಹೇಳದೆ ಬಿಡಬೇಕು, ಯಾವಾಗ? ಆ ತೀರ್ಮಾನಗಳೆಲ್ಲ ವಾಕ್ಯದಲ್ಲಿ ಗುರುತು ಬಿಟ್ಟಿರುತ್ತವೆ.

ಪೀಟರ್ ರ‍್ಯಾಬಿಟ್ ಕಥೆಯಲ್ಲಿ (1902) ತಾಯಿ ಮೊಲ ಮಕ್ಕಳಿಗೆ ಹೇಳುತ್ತದೆ: ಆ ತೋಟಕ್ಕೆ ಹೋಗಬೇಡಿ, ಅಲ್ಲಿ ನಿಮ್ಮಪ್ಪನಿಗೆ ಅಪಘಾತವಾಯಿತು, ತೋಟದವನ ಹೆಂಡತಿ ಅವನನ್ನು ಕಡುಬಿನೊಳಗೆ ಹಾಕಿದಳು. ಕೊಲೆಯನ್ನು 'ಅಪಘಾತ' ಎನ್ನುವ ತಾಯಿ, ಅದೇ ಉಸಿರಿನಲ್ಲಿ ಅಡುಗೆಯ ವಿವರವನ್ನೂ ಕೊಡುತ್ತಾಳೆ. ಇ. ಬಿ. ವೈಟ್ ಅವರ 'ಷಾರ್ಲಟ್ಸ್ ವೆಬ್' (1952) ನೋಡು. ಷಾರ್ಲಟ್ ಎಂಬ ಜೇಡ ಸಾಯುವ ಅಧ್ಯಾಯದ ಕೊನೆಯ ವಾಕ್ಯದಲ್ಲಿ ಎಂಟೇ ಪದ, ಎಂಟೂ ಒಂದೊಂದೇ ಸಿಲೆಬಲ್‌ನವು. ವಿಶೇಷಣವಿಲ್ಲ, ಉಪಮೆಯಿಲ್ಲ, ಸಮಾಧಾನದ ಮಾತಿಲ್ಲ. ಅದರ ಹಿಂದಿನ ವಾಕ್ಯ ಉದ್ದ, ಜಾತ್ರೆಗೆ ಬಂದಿದ್ದ ನೂರಾರು ಜನರ ಬಗ್ಗೆ. ಆ ಗುಂಪಿನ ಪಕ್ಕದಲ್ಲಿ ಇದು ಬರುತ್ತದೆ. ಇದನ್ನು ಗುರುತಿಸಲು ಸಿದ್ಧಾಂತ ಬೇಡ, ಬೆರಳು ಮಡಿಸಿ ಎಣಿಸಿದರೆ ಸಾಕು.

ಸುಲಭ ಪದಗಳಲ್ಲಿ ಬರೆದದ್ದು ಸುಲಭದ ಬರಹ ಎಂದು ಯಾರಾದರೂ ಅಂದರೆ, ಡಾ. ಸ್ಯೂಸ್ 1960ರಲ್ಲಿ 50 ಬೇರೆ ಬೇರೆ ಪದಗಳಷ್ಟರಲ್ಲೇ ಒಂದು ಪುಸ್ತಕ ಮುಗಿಸಿದ್ದನ್ನು ತೋರಿಸು. ಅದರಲ್ಲಿ 49 ಪದ ಒಂದೇ ಸಿಲೆಬಲ್‌ನವು. ಹದಿನಾಲ್ಕು ಸಾಲಿನ ಕಟ್ಟನ್ನು ಸಾನೆಟ್ಟಿನಲ್ಲಿ ಗಂಭೀರವಾಗಿ ಓದುವವರು ಇದನ್ನೂ ಓದಬಹುದು.

ಇನ್ನು ಕೆಲಸದ ಮಾತು. ಒಂದೇ ಪುಸ್ತಕ ಹಿಡಿ. 'ಮಕ್ಕಳ ಸಾಹಿತ್ಯದಲ್ಲಿ ಸಾವು' ಎಂಬಂಥ ಶೀರ್ಷಿಕೆ ಹೊಡೆದುಹಾಕು, ಅದರಲ್ಲಿ ಕಥಾಸಾರಾಂಶ ಬಿಟ್ಟು ಬೇರೇನೂ ಬರೆಯಲಾಗದು. ಮೊದಲು ಗಟ್ಟಿಯಾಗಿ ಓದು, ಉಸಿರು ನಿಲ್ಲುವ ಕಡೆಗೆಲ್ಲ ಗೆರೆ ಹಾಕು. ಆಮೇಲೆ ಪಠ್ಯವನ್ನು ಕೈಯಲ್ಲೇ ನಕಲು ಮಾಡು, ಹಾಳೆ ಮಗುಚುವ ಕಡೆ ಗುರುತು ಹಾಕಿಕೊಳ್ಳುತ್ತ. ನಂತರ ಅಕ್ಷರಗಳನ್ನು ಮುಚ್ಚಿ ಬರೀ ಚಿತ್ರ ನೋಡು. ಇಷ್ಟಾದ ಮೇಲೆ ಒಂದು ಕೋಷ್ಟಕ ಮಾಡು: ಪುಟ, ಪದಗಳ ಸಂಖ್ಯೆ, ಮಾತು ಹೇಳುವುದು, ಚಿತ್ರ ಹೇಳುವುದು, ಈ ಹೊತ್ತಿಗೆ ಯಾರಿಗೆ ಏನು ಗೊತ್ತು. ಕೊನೆಯ ಕಾಲಮಿನಲ್ಲಿ ಪಾತ್ರ, ನಿರೂಪಕ, ಮಗು, ಮೂರನ್ನೂ ಬೇರೆ ಬೇರೆ ಬರೆ. ಎಲ್ಲಿ ಮೂರೂ ಹೊಂದುವುದಿಲ್ಲವೋ ನಿನ್ನ ಪ್ರಬಂಧ ಅಲ್ಲಿಂದ ಶುರುವಾಗುತ್ತದೆ. ಸೆಂಡಾಕ್ ಅವರ 1963ರ 'ವೇರ್ ದ ವೈಲ್ಡ್ ಥಿಂಗ್ಸ್ ಆರ್' ಮೇಲೆ ಇದನ್ನು ಪ್ರಯೋಗಿಸಿ ನೋಡು: ಬಿಳಿ ಅಂಚಿನ ನಡುವೆ ಚಿಕ್ಕದಾಗಿದ್ದ ಚಿತ್ರ ಬೆಳೆಯುತ್ತ ಹೋಗಿ ಮೂರು ಹರಹುಗಳಲ್ಲಿ ಮಾತನ್ನೇ ಹೊರಗೆ ಹಾಕುತ್ತದೆ, ಕಡೆಯ ಪುಟದಲ್ಲಿ ಚಿತ್ರವೇ ಇಲ್ಲ, ಐದು ಪದ ಮಾತ್ರ.

ಎಡವುವುದು ಹೆಚ್ಚಾಗಿ ಆವೃತ್ತಿಯಲ್ಲಿ. ಸಂಕ್ಷಿಪ್ತ ಪ್ರತಿ ಕೈಗೆ ಬಂದರೆ ದೂರ ಇಡು, ಅದರಲ್ಲಿ ಕಥೆ ಉಳಿದಿರುತ್ತದೆ, ವಾಕ್ಯ ಉಳಿದಿರುವುದಿಲ್ಲ. ಸಿನಿಮಾದ ನೆನಪಿನಿಂದ ಬರೆಯಲೇಬೇಡ. ಗ್ರಿಮ್ ಸಹೋದರರ ಕಥೆಯಾದರೆ ಯಾವ ವರ್ಷದ್ದು ಎಂದು ಮೊದಲ ಪುಟದಲ್ಲೇ ಹೇಳು. 1812ರ ಮೊದಲ ಮುದ್ರಣದಲ್ಲಿ ಸ್ನೋ ವೈಟ್‌ಳನ್ನು ಕೊಲ್ಲಿಸಲು ಹೊರಡುವವಳು ಹೆತ್ತ ತಾಯಿ. 1819ರ ಮುದ್ರಣಕ್ಕೆ ಅವಳು ಮಲತಾಯಿ ಆದಳು. 1857ರ ಏಳನೆಯ ಮುದ್ರಣದವರೆಗೂ ತಿದ್ದುಪಡಿ ನಡೆದೇ ಇತ್ತು. 'ಪಿನೋಕಿಯೋ' 1881ರಲ್ಲಿ ಧಾರಾವಾಹಿಯಾಗಿ ಬಂದಾಗ ಬೊಂಬೆಯನ್ನು ಮರಕ್ಕೆ ನೇಣು ಹಾಕುವಲ್ಲಿಗೆ ಕೊಲೋಡಿ ಮುಗಿಸಿಬಿಟ್ಟಿದ್ದ. ಮುಂದುವರಿದದ್ದು ಆಮೇಲೆ. ಮಗು ಎಷ್ಟು ತಾಳಿಕೊಂಡೀತು ಎಂಬ ದೊಡ್ಡವರ ಅಂದಾಜು ಬದಲಾಗುತ್ತ ಬಂದದ್ದಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ಎಲ್ಲಿ ಸಿಗುತ್ತದೆ?

ನಿನ್ನ ಕಥೆಗೆ ಬರುತ್ತೇನೆ. ಮೊದಲ ಕರಡಿನಲ್ಲಿ ಕೆರೆ ಬತ್ತುತ್ತದೆ, ಆಮೆ ಹೊರಡುತ್ತದೆ, ತಿರುಗಿ ನೋಡುವುದಿಲ್ಲ. ಓದಿ ಖುಷಿಯಾಯಿತು ಕಣೇ, ನಿಜವಾಗಿ. ಎರಡನೆಯದರಲ್ಲಿ ಒಂದು ಕಾಗೆ ಬಂದು ಅಧಿಕಾರ, ಮರೆವು, ನಾಗರಿಕತೆ ಎಂದು ಒಂದೂವರೆ ಪುಟ ಮಾತಾಡುತ್ತದೆ. ತಾರೀಖು ನೋಡಿದೆ, ಪ್ರಸ್ತಾವ ವಾಪಸ್ ಬಂದ ಮರುವಾರದ ಕರಡು ಅದು. ಆ ಕಾಗೆಯನ್ನು ನೀನು ಮಗುವಿಗಾಗಿ ಬರೆದಿಲ್ಲ, ಅಧ್ಯಾಪಕರಿಗಾಗಿ ಬರೆದಿದ್ದೀ. ತರಗತಿಯ ಮರ್ಯಾದೆ ಗಳಿಸಲು ಕಥೆಯೊಳಗೆ ಅರ್ಥ ತುರುಕಿದರೆ ಮಗು ಆ ಪುಟವನ್ನು ಹಾರಿಸುತ್ತದೆ, ತರಗತಿಯೂ ಮೆಚ್ಚುವುದಿಲ್ಲ.

ಎಂಟು ಹಾಳೆ ತೆಗೆದುಕೊಂಡು ನಡುವೆ ಮಡಚಿ ಹೊಲಿ. 32 ಪುಟವಾಗುತ್ತದೆ, ಚಿತ್ರಪುಸ್ತಕದ ಸಾಮಾನ್ಯ ಅಳತೆ. ಶೀರ್ಷಿಕೆ, ಪ್ರಕಾಶನದ ವಿವರ ಕಳೆದರೆ ನಿನ್ನ ಕೈಯಲ್ಲಿ ಹದಿಮೂರು ಹದಿನಾಲ್ಕು ಹರಹು ಉಳಿದಾವು. ಮೊದಲ ಕರಡನ್ನು ಕತ್ತರಿಸಿ ಅವುಗಳಿಗೆ ಅಂಟಿಸು. ಪ್ರಶ್ನೆ ಬಲಪುಟದ ಕೊನೆಗೆ ಬರಲಿ, ಉತ್ತರ ಹಾಳೆ ಮಗುಚಿದ ಮೇಲೆ. ಈಗಿರುವಂತೆ ಕೆರೆ ಬತ್ತುವುದೂ ಆಮೆ ಹೊರಡುವುದೂ ಒಂದೇ ಹರಹಿನಲ್ಲಿ ಬೀಳುತ್ತವೆ, ಅಲ್ಲೇ ಕಥೆ ಸಡಿಲವಾಗಿರುವುದು. ನಡುವೆ ಒಂದು ಮಾತಿಲ್ಲದ ಹರಹು ಬಿಡು. ಚಿತ್ರದಲ್ಲಿ ಕಾಣುವುದನ್ನು ಮಾತಿನಲ್ಲಿ ಮತ್ತೆ ಹೇಳಿರುವ ಕಡೆಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ, ಹನ್ನೊಂದು ಇವೆ.

ಪ್ರಸ್ತಾವವನ್ನು ಎರಡು ಪುಟಕ್ಕೆ ಇಳಿಸಿ, ಕೋಷ್ಟಕವನ್ನು ಲಗತ್ತಿಸಿ ಮತ್ತೆ ಕೊಡು. 'ಮಕ್ಕಳಿಗಷ್ಟೇ ಅಲ್ಲ' ಎಂಬ ಪದಗಳು ಅದರಲ್ಲಿ ಎಲ್ಲೂ ಬರಕೂಡದು. ಅಧ್ಯಾಪಕರು ಪೂರ್ವನಿದರ್ಶನ ಕೇಳಿದರೆ 'ಚಿಲ್ಡ್ರನ್ಸ್ ಲಿಟರೇಚರ್' ಎಂಬ ವಿದ್ವತ್ ಪತ್ರಿಕೆ 1972ರಿಂದ ಇದೆ ಎಂದು ಹೇಳು, ಹೆಚ್ಚು ವಾದ ಬೇಡ. ಮೊದಲು ಕೋಷ್ಟಕ ನನಗೆ ಕಳಿಸು, ನೋಡಿ ಒಂದು ವಾರದಲ್ಲಿ ವಾಪಸ್ ಮಾಡುತ್ತೇನೆ.

ಪ್ರೀತಿಯಿಂದ,
ನಿನ್ನ ಅಕ್ಕ