ಸ್ಕ್ರೂಡ್ರೈವರ್ ಸೆಟ್: ಪೀಸ್ ಎಣಿಸಬೇಡಿ, ತುದಿ ನೋಡಿ

ಸಂಪಾದಕರೇ,

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ, ‘31 ಪೀಸ್ ಸೆಟ್’ ಅಂದರೆ ಸಾಕು, ಜನ ಸುಮ್ನೆ ಮರುಳಾಗುತ್ತಾರೆ. ಮನೆಗೆ ಬೇಕಾದ್ದು ಪಿಎಚ್1, ಪಿಎಚ್2 (ಪ್ಲಸ್ ಆಕಾರದ ಫಿಲಿಪ್ಸ್ ತುದಿಯ ಎರಡು ಅಳತೆಗಳು), ಜೊತೆಗೆ ಎರಡು ಅಳತೆಯ ಚಪ್ಪಟೆ ತುದಿ. ಅಷ್ಟೇ. ಸರಳಿನ ಮೇಲೆ ಕ್ರೋಮ್ ವೆನೇಡಿಯಂ (ಗಟ್ಟಿ ಉಕ್ಕಿನ ಒಂದು ಬಗೆ) ಅಂತ ಬರೆದಿದ್ದರೆ ಸಾಲದು, ಅಂಗಡಿಯಲ್ಲೇ ಒಂದು ಸ್ಕ್ರೂ ಕೇಳಿ ತುದಿ ಕೂರಿಸಿ ನೋಡಿ: ಅಲುಗಾಡದೆ ಗಟ್ಟಿಯಾಗಿ ಕೂರಬೇಕು, ಇಲ್ಲದಿದ್ದರೆ ನಾಲ್ಕು ಸಲ ತಿರುಗಿಸುವಷ್ಟರಲ್ಲಿ ಸ್ಕ್ರೂ ತಲೆ ಸವೆದುಹೋಗುತ್ತದೆ, ಆಮೇಲೆ ಅದನ್ನು ತೆಗೆಯುವುದು ದೊಡ್ಡ ರಗಳೆ. ಪ್ಲಾಸ್ಟಿಕ್ ಹಿಡಿ ಇದ್ದ ಮಾತ್ರಕ್ಕೆ ಕರೆಂಟ್ ಕೆಲಸಕ್ಕೆ ಆಗುವುದಿಲ್ಲ. 1000 ವೋಲ್ಟ್ ಗುರುತು ಇರಬೇಕು, ಸರಳಿಗೂ ಹೊದಿಕೆ ಇರಬೇಕು (ಅದಿದ್ದರೂ ಮೊದಲು ಮೇನ್ ಆಫ್ ಮಾಡಿ). ಉಕ್ಕು ಯಾವುದು, ತುದಿಯ ಅಳತೆ ಎಷ್ಟು ಅಂತ ಡಬ್ಬಿ ಮೇಲೆ ಕನ್ನಡದಲ್ಲಿ ಅಚ್ಚು ಹಾಕಿದರೆ ಕಂಪನಿಗಳ ಗಂಟೇನು ಹೋಗುತ್ತದೆ?

– ಓದುಗ, ಬೆಂಗಳೂರು