ಬೆಲ್ಟಿನ ಬಾಡಿಗೆ ಏರಿದೆ, ಬಿದ್ದ ಬೆಲ್ಟಿಗೆ ಡಿಪಾಸಿಟ್ ಹಿಡಿಯುವುದಿಲ್ಲ

ನಮ್ಮ ಗ್ರಾಹಕರಿಗೆ ನಮಸ್ಕಾರ.

ಈ ಮರಗಸಿಯಿಂದ, ಅಂದರೆ ತೋಟದ ನೆರಳುಮರಗಳ ಕೊಂಬೆ ಕಡಿಯುವ ಕಾಲದಿಂದ, ಮರ ಹತ್ತುವವರ ಸೇಫ್ಟಿ ಬೆಲ್ಟಿನ ದಿನಬಾಡಿಗೆ 60 ರೂಪಾಯಿ ಇದ್ದದ್ದು 110 ಆಗಿದೆ. ಡಿಪಾಸಿಟ್ ಮೊದಲಿನ ಹಾಗೇ 1,000. ಆದರೆ ಬಿದ್ದವರನ್ನು ಹಿಡಿದು ನಿಲ್ಲಿಸಿದ ಬೆಲ್ಟು ವಾಪಸು ಬಂದರೆ ಅದರಲ್ಲಿ ಇನ್ನು ಒಂದು ರೂಪಾಯಿಯನ್ನೂ ಹಿಡಿಯುವುದಿಲ್ಲ. ಈ ಎರಡೂ ಬೆಲ್ಟು ತೊಡುವವರ ಜೀವಕ್ಕಾಗಿಯೇ.

ಕಳೆದ ಮೆಣಸಿನ ಕೊಯ್ಲಿನಲ್ಲಿ ಒಂದು ತೋಟದಿಂದ ಬಂದ ಬೆಲ್ಟಿನಲ್ಲಿ, ಬಿದ್ದಾಗ ಪೆಟ್ಟು ತಗ್ಗಿಸುವ ಮಡಿಸಿ ಹೊಲಿದ ಪಟ್ಟಿಯಾದ ಶಾಕ್ ಅಬ್ಸಾರ್ಬರ್‌ಗೆ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿತ್ತು. ಬಿಚ್ಚಿ ನೋಡಿದರೆ ಒಳಗಿನ ಮಡಿಕೆಯ ಹೊಲಿಗೆ ಹರಿದು ಪಟ್ಟಿ ಹೊರಬಂದಿತ್ತು. ಅಂದರೆ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರದಿಂದ ಯಾರೋ ಜಾರಿದ್ದಾರೆ, ಬೆಲ್ಟು ಉಳಿಸಿದೆ, ಡಿಪಾಸಿಟ್ ಹೋಗುತ್ತದೆಂದು ನಮಗೆ ಹೇಳಿಲ್ಲ. ಆವತ್ತು ಶನಿವಾರ, ಅಂಗಡಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಆ ಟೇಪ್ ಕಣ್ಣಿಗೆ ಬೀಳದಿದ್ದರೆ ಸೋಮವಾರ ಅದೇ ಬೆಲ್ಟು ಇನ್ನೊಬ್ಬರ ಮೈಮೇಲೆ ಇರುತ್ತಿತ್ತು. ಮೊದಲು ಸಿಟ್ಟು ಬಂತು. ರಾತ್ರಿ ಯೋಚಿಸಿದಾಗ ಗೊತ್ತಾಯಿತು, ಮುಚ್ಚಿಡುವ ಹಾಗೆ ಮಾಡಿದ್ದು ನಮ್ಮದೇ ನಿಯಮ. ಬಿದ್ದು ಬದುಕಿದವರಿಂದ ಸಾವಿರ ರೂಪಾಯಿ ಹಿಡಿದುಕೊಳ್ಳುತ್ತಿದ್ದೆವು. ತಪ್ಪು ನಮ್ಮದು, ಕ್ಷಮಿಸಿ. ಹಾಗೆ ದುಡ್ಡು ಕಳೆದುಕೊಂಡವರು ಹಳೆಯ ರಸೀದಿ ತನ್ನಿ, ಮರಳಿ ಕೊಡುತ್ತೇವೆ.

ಇನ್ನು, ಹೀಗೆ ಬಿದ್ದವರನ್ನು ಹಿಡಿದ ಬೆಲ್ಟನ್ನು ನಾವು ಕತ್ತರಿಸಿ ಎಸೆಯುತ್ತೇವೆ. ಅದಕ್ಕೆ ಆಲ್ದೂರು, ಮೂಡಿಗೆರೆ, ಕಳಸ ಎಲ್ಲ ಕಡೆಯಿಂದ ಕೇಳಿಬಂದ ಮಾತು: “ನೋಡೋಕೆ ಹೊಸದರ ಹಾಗಿದೆ, ಯಾಕೆ ಕತ್ತರಿಸಿ ಹಾಕ್ತೀರಿ? ದುಡ್ಡು ಹೊಡೆಯೋ ಉಪಾಯ ಇದು.” ಈ ಮಾತು ನಮಗೆ ನೋವು ಕೊಟ್ಟಿದೆ. ಕತ್ತರಿಸುವುದು ನಮ್ಮದೇ ಸೊತ್ತು, ಅದರ ಜಾಗಕ್ಕೆ ಹೊಸದನ್ನು ತರುವವರೂ ನಾವೇ.

ಬಿದ್ದ ಮೈಯ ಪೆಟ್ಟು ಒಂದೇ ಸಲಕ್ಕೆ ತಟ್ಟಬಾರದೆಂದು ಶಾಕ್ ಅಬ್ಸಾರ್ಬರ್ ತನ್ನ ಹೊಲಿಗೆಯನ್ನು ತಾನೇ ಹರಿದುಕೊಂಡು ಉದ್ದವಾಗುತ್ತದೆ. ಯುರೋಪಿನ ಮಾನದಂಡದ ಪ್ರಕಾರ ಆ ಎಳೆತ 6 ಕಿಲೋನ್ಯೂಟನ್, ಹೆಚ್ಚುಕಡಿಮೆ 600 ಕೆ.ಜಿ. ತೂಕದಷ್ಟು, ಮೀರಬಾರದು. ಒಮ್ಮೆ ಹರಿದ ಹೊಲಿಗೆ ಇನ್ನೊಮ್ಮೆ ಹರಿಯಲಿಕ್ಕೆ ಇರುವುದಿಲ್ಲ; ಮುಂದಿನ ಪೆಟ್ಟು ನೇರ ಮೈಗೇ. ಬೀಳದೆಯೂ ಬೆಲ್ಟು ಕೆಡುತ್ತದೆ. ಕಣದ ಬಿಸಿಲಿನಲ್ಲಿ ತಿಂಗಳುಗಟ್ಟಲೆ ನೇತಾಡಿದರೆ ನೂಲು ಲಡ್ಡಾಗುತ್ತದೆ. ಜೀಪಿನಲ್ಲಿ ಬ್ಯಾಟರಿ ಪಕ್ಕ ಇಟ್ಟರೆ ಆಸಿಡ್ ನೈಲಾನನ್ನು ತಿನ್ನುತ್ತದೆ. ಬೋರ್ಡೋ (ತೋಟಕ್ಕೆ ಹೊಡೆಯುವ ಮೈಲುತುತ್ತ-ಸುಣ್ಣದ ಔಷಧಿ) ಕಲಸುವ ಡ್ರಮ್ಮಿನ ಹತ್ತಿರ ಬಿದ್ದಿದ್ದ ಬೆಲ್ಟಿನಲ್ಲಿ ಎಷ್ಟು ಬಲ ಉಳಿದಿದೆ ಎಂದು ಬರಿಗಣ್ಣಿನಲ್ಲಿ ನೋಡಿ ಯಾರೂ ಹೇಳಲಾರರು. ಹೇಳಲಾಗದ್ದನ್ನು ನಾವು ಕೊಡುವುದಿಲ್ಲ. ಇಡಿಯಾಗಿ ಎಸೆಯಬಹುದಲ್ಲ ಎಂದರೆ, ಹಾಗೆ ಎಸೆದ ಒಂದನ್ನು ಗುಜರಿಯಿಂದ ತಂದು ಹಾಕಿಕೊಂಡು ಗೋಡೆಗೆ ಬಣ್ಣ ಹೊಡೆಯುತ್ತಿದ್ದವರನ್ನು ನಾನೇ ನೋಡಿದ್ದೇನೆ. ಅವತ್ತಿನಿಂದ ಕತ್ತರಿ ಹಾಕದೆ ಒಂದನ್ನೂ ಹೊರಗೆ ಬಿಟ್ಟಿಲ್ಲ.

ಹೆಚ್ಚಿಸಿದ 50 ರೂಪಾಯಿಯ ಲೆಕ್ಕ ಕೇಳುವವರಿಗೆ: ಬಂದ ಪ್ರತಿ ಬೆಲ್ಟಿನ ಪಟ್ಟಿಯನ್ನು ಇಂಚಿಂಚು ಬಗ್ಗಿಸಿ ಎಳೆ ಕಿತ್ತಿದೆಯಾ, ಕತ್ತಿ ತಾಗಿದೆಯಾ ಎಂದು ನೋಡಲಿಕ್ಕೇ ಒಬ್ಬರಿದ್ದಾರೆ. ವರ್ಷಕ್ಕೊಮ್ಮೆ ಬೆಂಗಳೂರಿನಿಂದ ಪರೀಕ್ಷಕರನ್ನು ಕರೆಸುತ್ತೇವೆ, ಅವರ ಫೀಸು, ಓಡಾಟದ ಖರ್ಚು ನಮ್ಮದು. ಮೃದು ಸೋಪಿನಲ್ಲಿ ತೊಳೆದದ್ದನ್ನು ನೆರಳಲ್ಲೇ ಒಣಗಿಸಬೇಕು. ನಮ್ಮ ಊರಿನ ಆಷಾಢದಲ್ಲಿ ನೆರಳಲ್ಲಿ ಏನು ಒಣಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಹಿಂದಿನ ಕೋಣೆಯಲ್ಲಿ ಹಗಲೂರಾತ್ರಿ ಎರಡು ಫ್ಯಾನ್ ತಿರುಗುತ್ತವೆ. ಒಲೆ ಮೇಲೆ ಕಟ್ಟಿ ಎಂದು ಸಲಹೆ ಕೊಟ್ಟವರಿದ್ದಾರೆ, ಆ ಬಿಸಿ ನೂಲಿಗೆ ಆಗದು. ಇದಕ್ಕೆಲ್ಲ ಇಷ್ಟು ವರ್ಷ ನಿಮ್ಮಿಂದ ಏನೂ ತೆಗೆದುಕೊಂಡಿರಲಿಲ್ಲ.

ಒಂದು ವಿಷಯ ಮಾತ್ರ ದಯವಿಟ್ಟು ಆಳುಗಳಿಗೂ ತಿಳಿಸಿ. ಎರಡು ಮೀಟರಿನ ಹಗ್ಗ, ಹರಿದು ಉದ್ದವಾಗುವ ಅಬ್ಸಾರ್ಬರ್, ಮನುಷ್ಯನ ಎತ್ತರ ಎಲ್ಲ ಸೇರಿದರೆ ಕೊಕ್ಕೆ ಹಾಕಿದ ಜಾಗದ ಕೆಳಗೆ ಸುಮಾರು 6 ಮೀಟರ್, ಅಂದರೆ 20 ಅಡಿ ಖಾಲಿ ಬೇಕು. ಹನ್ನೆರಡು ಅಡಿ ಏಣಿಯಲ್ಲಿ ನಿಂತು ಸೊಂಟದ ಮಟ್ಟಕ್ಕೆ ಕೊಕ್ಕೆ ಹಾಕಿದವರು ಬೆಲ್ಟು ಪೂರ್ತಿ ಹಿಡಿದು ನಿಲ್ಲಿಸುವ ಮೊದಲೇ ನೆಲಕ್ಕೆ ಬಡಿಯಬಹುದು. ಎಷ್ಟು ಎತ್ತರದ ಕೆಲಸ ಎಂದು ಬಾಡಿಗೆಗೆ ಒಯ್ಯುವಾಗಲೇ ಹೇಳಿ, ಮರ ಸುತ್ತಿ ಕಟ್ಟುವ ಗಿಡ್ಡ ಹಗ್ಗ ಜೊತೆಗೆ ಕೊಡುತ್ತೇವೆ, ಅದಕ್ಕೆ ಬಾಡಿಗೆ ಇಲ್ಲ. ತೊಡೆಯ ಪಟ್ಟಿ ಬಿಟ್ಟು ಬರೀ ಭುಜಕ್ಕೆ ಹಾಕಿಕೊಂಡರೆ ಬಿದ್ದಾಗ ಮನುಷ್ಯ ಬೆಲ್ಟಿನಿಂದಲೇ ಜಾರಿಹೋಗಬಹುದು, ಅದನ್ನೂ ಹೇಳಿ.

ಬೆಲ್ಟನ್ನು ಬಸ್ಸಿಗೆ ಹಾಕಿ ಕಳಿಸುವವರು ಒಂದು ಚೀಟಿಯಲ್ಲಿ “ಬಿದ್ದಿದೆ” ಅಥವಾ “ಬಿದ್ದಿಲ್ಲ” ಎಂದಷ್ಟೇ ಬರೆದು ಕಟ್ಟಿ. ಯಾರು, ಯಾವ ಮರ, ಯಾಕೆ ಎಂದು ಕೇಳುವುದಿಲ್ಲ. ಡಿಪಾಸಿಟ್ ಅದೇ ದಿನ ನಿಮ್ಮ ಕೈಸೇರುತ್ತದೆ, ನಾನೇ ನಿಂತು ಕಳಿಸುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಅಂಗಡಿಯವರೆಲ್ಲರ ಪರವಾಗಿ,
ಚಿಕ್ಕಮಗಳೂರು