ಮೊದಲ ತಿಂಗಳು ತಂಬೂರಿಗೆ ಮೀಸಲಿರಲಿ

ಮಾನ್ಯರೇ,

ಪಿಯುಸಿ ಮುಗಿಸಿ ಪದವಿಗೆ ಹಿಂದೂಸ್ತಾನಿ ಗಾಯನ ಆಯ್ದುಕೊಂಡ ಮಕ್ಕಳು ತರಗತಿಗೆ ಬರತೊಡಗಿದ್ದಾರೆ. ದಾವಣಗೆರೆ, ಚಿತ್ರದುರ್ಗದಿಂದ ಧಾರವಾಡಕ್ಕೋ ಮೈಸೂರಿಗೋ ಹೊರಟವರೂ ಇದ್ದಾರೆ. ಎಲ್ಲರ ಮೊಬೈಲಿನಲ್ಲೂ ತಂಬೂರಿ ಆ್ಯಪ್ ಇದೆ. ತಂಬೂರಿಯ ಬಿರಡೆ (ತಂತಿ ಬಿಗಿಯುವ ಮರದ ಗೂಟ) ತಿರುವಿ ಗೊತ್ತಿರುವವರು ತೀರಾ ಕಡಿಮೆ. ಮೊದಲ ತಿಂಗಳು ಹಾಡುವ ರಚನೆಗಳಾದ ಬಂದಿಶ್‌ಗಳ ಸಂಖ್ಯೆ ಹೆಚ್ಚಿಸುವ ಬದಲು ಶ್ರುತಿ ಮಾಡುವುದನ್ನು ಕಲಿಸಿ ಎಂದು ಅಧ್ಯಾಪಕರನ್ನೂ ಕಾಲೇಜುಗಳನ್ನೂ ಕೇಳಿಕೊಳ್ಳಲು ಈ ಪತ್ರ.

ಮೊದಲ ವರ್ಷ ಸಾಮಾನ್ಯವಾಗಿ ರಾಗ ಭೂಪ, ಯಮನ್‌ಗಳಿಂದ ಶುರುವಾಗುತ್ತದೆ. ಎರಡರಲ್ಲೂ ವಾದಿ (ಪ್ರಧಾನ) ಸ್ವರ ಗಾಂಧಾರ. ಆ ಗಾಂಧಾರವನ್ನು ಮಕ್ಕಳು ಕಲಿಯುವುದು ಪೇಟಿಯಿಂದ (ಹಾರ್ಮೋನಿಯಂ). ನಮ್ಮ ದಾವಣಗೆರೆ ಕೆ.ಬಿ.ಆರ್. ಡ್ರಾಮಾ ಕಂಪನಿ ಎಂಬ ನಾಟಕ ಕಂಪನಿಯ ಊರು, ಇಲ್ಲಿನ ಕಿವಿಗೆ ಕಾಲುಪೇಟಿಯ ನಂಟು ಹಳೆಯದು. ಪೇಟಿಯ ಮೇಲೆ ನಮಗೇನೂ ಮುನಿಸಿಲ್ಲ. ಆದರೆ ಕಪ್ಪು ಒಂದರ (ಪೇಟಿಯ ಮೊದಲ ಕಪ್ಪು ಮನೆ) ಷಡ್ಜ ಸೆಕೆಂಡಿಗೆ 277.2 ಕಂಪನ ಎಂದಿಟ್ಟುಕೊಂಡರೆ, ತಂಬೂರಿಯಲ್ಲಿ ತಾನಾಗಿ ಹುಟ್ಟುವ ಗಾಂಧಾರ 346.5ಕ್ಕೆ ಬರುತ್ತದೆ, ಪೇಟಿಯದು 349.2ಕ್ಕೆ. ಹೆಚ್ಚುಕಡಿಮೆ ಮೂರು ಕಂಪನ ಏರು. ಒಂದು ಸೆಮಿಸ್ಟರ್ ಪೂರ್ತಿ ಪೇಟಿಗೆ ದನಿ ಕೂಡಿಸಿದವರ ಯಮನ್, ತಂಬೂರಿಯ ಜೊತೆ ಕೂತಾಗ ಸದಾ ಒಂದು ಎಳೆ ಮೇಲೆ ನಿಲ್ಲುತ್ತದೆ. ಆಮೇಲೆ ಅದನ್ನು ಇಳಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ.

ಶ್ರುತಿ ಮಾಡುವ ಕ್ರಮ ಹೀಗೆ. ತಂತಿಗಳು ಹಾಯುವ ಕುದುರೆಯ ಮೇಲೆ, ಅವುಗಳ ಕೆಳಗೆ ಝೇಂಕಾರಕ್ಕೆಂದು ಇಡುವ ಜೀವಾಳದ ನೂಲನ್ನು ಮೊದಲು ಪಕ್ಕಕ್ಕೆ ಸರಿಸಿ. ಕುದುರೆಯ ಕೆಳಗೆ ತಂತಿಗಳಿಗೆ ಪೋಣಿಸಿದ ಮಣಿಗಳನ್ನು ಅವುಗಳ ಓಡಾಟದ ನಡುಮಧ್ಯಕ್ಕೆ ತನ್ನಿ. ನಾಲ್ಕು ತಂತಿಗಳ ಪೈಕಿ ನಡುವಿನ ಜೋಡಿ ತಂತಿಗಳಲ್ಲಿ ಒಂದನ್ನು ಮಾತ್ರ ಮೊಬೈಲಿನ ಷಡ್ಜಕ್ಕೆ ಕೂಡಿಸಿ, ಮೊಬೈಲನ್ನು ಪಕ್ಕಕ್ಕಿಡಿ. ಉಳಿದದ್ದೆಲ್ಲ ಕಿವಿಯ ಕೆಲಸ. ಎರಡನೆಯ ಜೋಡಿ ತಂತಿ ಮೊದಲಿನದಕ್ಕೆ ಹತ್ತಿರವಾದಂತೆ ನಾದದಲ್ಲಿ ಅಲೆ ಎದ್ದು, ನಿಧಾನವಾಗುತ್ತಾ ನಿಂತುಹೋಗುತ್ತದೆ. ಅಲೆ ಪೂರ್ತಿ ನಿಲ್ಲುವವರೆಗೆ ಬಿಡಬೇಡಿ. ಆಮೇಲೆ ಹಿತ್ತಾಳೆಯ ಖರ್ಜ (ಕೆಳ ಸ್ಥಾಯಿಯ ಷಡ್ಜ), ಕೊನೆಗೆ ಪಂಚಮ. ಮಾಲಕಂಸ ರಾಗಕ್ಕಾದರೆ ಪಂಚಮದ ತಂತಿಗೆ ಮಧ್ಯಮ, ಮಾರವಾಕ್ಕಾದರೆ ನಿಷಾದ. ಬಿರಡೆಯನ್ನು ಒಳಕ್ಕೆ ಒತ್ತುತ್ತಲೇ ತಿರುಗಿಸಬೇಕು, ಇಲ್ಲದಿದ್ದರೆ ಕೈಬಿಟ್ಟ ಕ್ಷಣ ಜಾರುತ್ತದೆ. ಕೂದಲೆಳೆಯಷ್ಟು ವ್ಯತ್ಯಾಸವನ್ನು ಮಣಿಯಲ್ಲಿ ತಿದ್ದಿ: ಕುದುರೆಯಿಂದ ಆಚೆಗೆ, ಕೆಳಕ್ಕೆ ಎಳೆದರೆ ಸ್ವರ ಏರುತ್ತದೆ. ಒಂದು ತಂತಿ ಬಿಗಿದರೆ ದಂಡಿ ತುಸು ಬಾಗಿ ಉಳಿದ ತಂತಿಗಳು ಇಳಿಯುವುದರಿಂದ, ನಾಲ್ಕನ್ನೂ ಮತ್ತೊಂದು ಸುತ್ತು ನೋಡಲೇಬೇಕು.

ನಂತರ ನೂಲು. ತಂತಿಯನ್ನು ಮೀಟುತ್ತಾ ನೂಲನ್ನು ಕುದುರೆಯ ಮೇಲೆ ಕೂದಲೆಳೆಯಷ್ಟೇ ಸರಿಸುತ್ತಾ ಬನ್ನಿ. ಒಂದು ಕಡೆ ನಾದ ಅರಳಿ ಝೇಂಕರಿಸುತ್ತದೆ, ದಾಟಿದರೆ ಕಟ್ಟಿಹೋಗುತ್ತದೆ. ಜೀವಾಳ ಸರಿಯಾಗಿ ಕೂತ ಖರ್ಜದ ತಂತಿಯಲ್ಲಿ ಆ ಗಾಂಧಾರ ತಾನಾಗಿ ಕೇಳಿಸುತ್ತದೆ. ವಿದ್ಯಾರ್ಥಿಯ ಗಾಂಧಾರಕ್ಕೆ ಗುರು ಅದೇ. ಮೊದಮೊದಲು ಇದಕ್ಕೆಲ್ಲ ಅರ್ಧ ಗಂಟೆ ಹಿಡಿದರೂ ಅದು ರಿಯಾಜಿನ (ಅಭ್ಯಾಸದ) ಲೆಕ್ಕಕ್ಕೇ ಸೇರಬೇಕು.

ಆಷಾಢದ ಗಾಳಿ, ಜಡಿಮಳೆಯ ದಿನಗಳಲ್ಲಿ ಮರ ತೇವ ಹೀರಿ ಬಿರಡೆ ಬಿಗಿಯುತ್ತದೆ, ಬೇಸಿಗೆಯ ಒಣಹವೆಗೆ ಸಡಿಲವಾಗಿ ಜಾರುತ್ತದೆ. ಜಾರುವುದಕ್ಕೆ ಸೀಮೆಸುಣ್ಣದ ಪುಡಿ ಸಾಕು. ಬಿಗಿದದ್ದನ್ನು ಇಕ್ಕಳದಿಂದ ತಿರುಗಿಸಿದರೆ ತಲೆ ಮುರಿಯುತ್ತದೆ. ಮೆಲ್ಲಗೆ ಅಲುಗಾಡಿಸಿ ಹೊರಕ್ಕೆ ಎಳೆಯಬೇಕು. ಮಳೆಗೆ ತಬಲದ ಚರ್ಮವೂ ಇಳಿಯುತ್ತದೆ. ಅದನ್ನು ಒಲೆ, ಹೀಟರ್ ಮುಂದೆ ಕಾಯಿಸಬೇಡಿ, ನಡುವಿನ ಕಪ್ಪು ಲೇಪವಾದ ಶಾಯಿ ಬಿರುಕು ಬಿಡುತ್ತದೆ.

ಒಬ್ಬರ ದನಿಗೆ ಒಗ್ಗುವ ಸಾ (ಷಡ್ಜ) ಯಾವುದೆಂದು ಮೊದಲ ವಾರವೇ ತೀರ್ಮಾನಿಸುವುದು ತಪ್ಪು. ಮಂದ್ರ ಪಂಚಮ ಸ್ಪಷ್ಟವಾಗಿ ನಿಲ್ಲಬೇಕು, ತಾರ ಮಧ್ಯಮಕ್ಕೆ ಗಂಟಲು ಹಿಂಡಬಾರದು. ಹುಡುಗರಿಗೆ ಸಾಮಾನ್ಯವಾಗಿ ಅದು ಕಪ್ಪು ಒಂದರ (ಕರ್ನಾಟಕ ಸಂಗೀತದವರ ಒಂದೂವರೆ ಮನೆ) ಆಸುಪಾಸು, ಹುಡುಗಿಯರಿಗೆ ಕಪ್ಪು ನಾಲ್ಕು, ಐದು. ಒಂದೇ ಕೋಣೆಯಲ್ಲಿ ಎಲ್ಲರನ್ನೂ ಒಂದೇ ಸಾಗೆ ಹಾಡಿಸುವ ಪದ್ಧತಿಯಿಂದ ಅರ್ಧದಷ್ಟು ಮಕ್ಕಳ ದನಿಗೆ ಪೆಟ್ಟು ಬೀಳುತ್ತದೆ. ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ತಂಬೂರಿಯೇ ಬೇಕು. ಗಂಡುದನಿಯ ತಂಬೂರಿಯನ್ನು ಕಪ್ಪು ಐದಕ್ಕೆ ಎಳೆದರೆ ತಂತಿ ಹರಿಯುತ್ತದೆ. ಇನ್ನೊಂದು ಮಾತು: ಸಂಜೆ ಮಿರ್ಚಿ ಮಂಡಕ್ಕಿ ನಮ್ಮೂರಿನ ಸುಖ, ನಿಜ. ಆದರೆ ರಾತ್ರಿ ತಡವಾಗಿ ಖಾರ ಎಣ್ಣೆ ತಿಂದು ಮಲಗಿದರೆ ಹುಳಿ ಗಂಟಲಿಗೇರಿ ಬೆಳಗಿನ ಖರ್ಜ ಸಾಧನೆಗೆ ದನಿ ಒಡೆಯುತ್ತದೆ.

ಸ್ವಂತ ತಂಬೂರಿ ಕೊಳ್ಳುವವರು ಸಾ ಗಟ್ಟಿಯಾಗುವವರೆಗೆ ತಡೆಯಿರಿ. ಮಿರಜಿನ ತಂಬೂರಿಗೆ 2024ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಮಿರಜಿಗೆ ಹುಬ್ಬಳ್ಳಿ, ಬೆಳಗಾವಿ ಮೇಲೆ ಹೋಗುವ ರೈಲು ನಮ್ಮ ಸ್ಟೇಷನ್ನಿನಿಂದಲೇ ಇದೆ, ದುರ್ಗದವರು ಚಿಕ್ಕಜಾಜೂರಿನಲ್ಲಿ ಹತ್ತಬಹುದು. ತರುವಾಗ ತಂತಿಗಳನ್ನು ಸಡಿಲಿಸಿ, ಬುರುಡೆಗೆ ಭಾರ ಬೀಳದಂತೆ ಮೇಲಿನ ಬರ್ತಿನಲ್ಲಿಡಿ. ಸೋರೆಬುರುಡೆ ಸಣ್ಣ ಪೆಟ್ಟಿಗೂ ಸೀಳುತ್ತದೆ.

ಎಲ್ಲರಿಗೂ ಕೊಳ್ಳುವ ಶಕ್ತಿ ಇರುವುದಿಲ್ಲ. ಅದಕ್ಕೇ ಕಾಲೇಜುಗಳಿಗೆ ನಮ್ಮ ಕೋರಿಕೆ: ಕಪಾಟಿನಲ್ಲಿರುವ ತಂಬೂರಿಗಳಿಗೆ ಹೊಸ ತಂತಿ, ಹೊಸ ನೂಲು ಹಾಕಿಸಿ. ಬೆಳಿಗ್ಗೆ ಆರರಿಂದ ಎಂಟರವರೆಗೆ ಒಂದು ಕೋಣೆಯನ್ನು ರಿಯಾಜಿಗೆ ತೆರೆದಿಡಿ. ಬೀಗದ ಕೈ ಸರದಿಯಂತೆ ವಿದ್ಯಾರ್ಥಿಗಳ ಬಳಿಯೇ ಇರಲಿ.

— ಕೆಲವು ಸಂಗೀತ ಶಿಕ್ಷಕರು, ದಾವಣಗೆರೆ